ಗೇಟಿನಾಚೆ ನಿಂತವನು

"ನೋಗಾ, ದಮ್ಮಯ್ಯ, ಹೊರಗೆ ಬಾರೆ!"

ಎವ್ಯತಾರ್ ಸ್ಮಶಾನದ ಗೇಟಿನಾಚೆ ನಿಂತು ಗೋಗರೆಯುತ್ತಿದ್ದ. ನೋಗಾ ಕೆಳಗೆ, ಸರೋವರದ ಅಂಚಿಗೆ, ನಾಡಿಗೆಲ್ಲ ಗೊತ್ತಿದ್ದ ಒಬ್ಬ ಕವಯಿತ್ರಿಯ ಸಮಾಧಿಯ ಪಕ್ಕ ಕೂತಿದ್ದಳು. ಅವನನ್ನು ಬೇಕೆಂದೇ ಇಲ್ಲಿಗೆ ಕರೆಸಿದ್ದಳು. ಅವನು ಕೈ ಹಿಡಿದುಬಿಟ್ಟರೆ ಬಿಟ್ಟುಹೋಗುತ್ತೇನೆಂದು ಹೇಳಲಾಗುವುದಿಲ್ಲವೆಂದು ಗೊತ್ತಿತ್ತು.

ಅವನದು ಯೆಹೂದಿ ಪುರೋಹಿತರ ವಂಶ. ಆ ವಂಶದ ಗಂಡಸು ಸ್ಮಶಾನದೊಳಗೆ ಕಾಲಿಡಬಾರದು. ವಿಚ್ಛೇದನವಾದವಳನ್ನು ಮದುವೆಯಾಗಬಾರದು. ನೋಗಾಗೆ ವಿಚ್ಛೇದನವಾಗಿತ್ತು. ಪ್ರೀತಿಸಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಮಹರಾಯ ಅದನ್ನು ಮನಸಾರೆ ಮಾಡಿದ್ದ.

"ಸಂಜೆ ಬಸ್ಸಿಗೆ ಏಲಾತ್‌ಗೆ ಹೊರಟೆ. ಅಲ್ಲೇ ಕೆಲಸ ಸಿಕ್ಕಿದೆ. ಇನ್ನು ಫೋನ್ ಮಾಡ್ಬೇಡ," ನೋಗಾ ಕೂತಲ್ಲಿಂದಲೇ ಕೂಗಿದಳು.

"ಒಂಚೂರು ತಡ್ಕೋ. ಹಬ್ಬ ಕಳೀಲಿ, ಅಪ್ಪನ ಹತ್ರ ಮಾತಾಡ್ತೀನಿ."

"ಹೋದ ಹಬ್ಬಾನೂ ಕಳೀತು, ಅದರ ಹಿಂದಿಂದೂ ಕಳೀತು! ಸೈಪ್ರಸ್‌ಗೆ ಹೋಗಿ ರಿಜಿಸ್ಟರ್ ಮದುವೆಯಾಗಿ ಬರೋಣ ಅಂದ್ರೆ ಮುಖ ಸಣ್ಣ ಮಾಡ್ಕೋತೀಯ."

"ಹಾಗೆ ಮಾಡಿದ್ರೆ ಶನಿವಾರದ ಪ್ರಾರ್ಥನೇಲಿ ನನ್ನನ್ನ ಅಪ್ಪನ ಪಕ್ಕ ನಿಂತು ಜನಕ್ಕೆ ಆಶೀರ್ವಾದ ಮಾಡೋಕೆ ಬಿಡಲ್ಲ ಕಣೆ. ಅಪ್ಪ ತಲೆ ಎತ್ಕೊಂಡು ಓಡಾಡೋದು ಹೇಗೆ?"

"ಹಾಗಾದ್ರೆ ಹೋಗಪ್ಪಾ, ಆಶೀರ್ವಾದ ಮಾಡ್ಕೊಂಡಿರು ಹೋಗು!"

ಅವಳು ಮುಖ ತಿರುಗಿಸಿದಳು. ಸಮಾಧಿಯ ಬಳಿ ಬಂದವರಿಗೆಂದು ಇಟ್ಟಿದ್ದ ಕವಯಿತ್ರಿಯ ಕವಿತೆಗಳ ಪುಸ್ತಕ ಬಿಡಿಸಿದಳು. ಕಣ್ಣೀರಿನಲ್ಲಿ ಒಂದಕ್ಷರವೂ ಕಾಣಲಿಲ್ಲ. ಬಯಸಿದ್ದು ಸಿಗದೆ ಸತ್ತ ಈ ಕವಯಿತ್ರಿಯ ಸಮಾಧಿಯ ಮೇಲೆ ಜನ ಬಂದು ಗೌರವಕ್ಕೆಂದು ಒಂದೊಂದು ಕಲ್ಲಿಟ್ಟು ಹೋಗುತ್ತಾರೆ. ತನಗದು ಬೇಡ, ಅವನು ಬೇಕು, ಈ ಹೇಡಿಯೇ ಬೇಕು.

ಹಿಂದೆ ಹೆಜ್ಜೆಯ ಸದ್ದಾಯಿತು. ಎವ್ಯತಾರ್ ಸಮಾಧಿಗಳ ನಡುವೆ ಇಳಿದು ಬರುತ್ತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಯ್ಯೋ ಹುಚ್ಚಾ, ನಿಂತ್ಕೋ! ಯಾರಾದ್ರೂ ನೋಡ್ತಾರೆ!"

"ನೋಡ್ಲಿ."

ಹತ್ತಿರ ಬಂದು ನಿಂತ. ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿದವು.

"ಇದೇನು ಮಹಾ! ಇಲ್ಲಿಂದ ಹೋಗ್ತಾ ಕೈ ತೊಳ್ಕೋತೀಯ, ಮೈಲಿಗೆ ಮುಗೀತು. ನನ್ನ ಮದುವೆಯಾದ್ರೆ ತೊಳ್ಕೊಳ್ಳೋಕಾಗಲ್ಲ ಕಣೋ."

"ತೊಳ್ಕೋಬೇಕು ಅಂತ ಯಾರಿಗಿದೆ?"

ಇಬ್ಬರೂ ಮೇಲೆ ಹತ್ತಿದರು. ಗೇಟಿನ ಬಳಿಯ ನಲ್ಲಿಯಲ್ಲಿ ಅವಳು ಕೈ ತೊಳೆದಳು. ಅವನು ತೊಳೆಯಲಿಲ್ಲ, ಅವಳ ಒದ್ದೆ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಕಿವಿಗಿಟ್ಟ.

"ಅಪ್ಪಾ... ಈ ಶನಿವಾರ ಆಶೀರ್ವಾದಕ್ಕೆ ನನ್ನ ಕಾಯಬೇಡಿ. ಇನ್ಮೇಲೆ ಯಾವ ಶನಿವಾರಾನೂ."

ಫೋನ್ ಕಟ್ ಮಾಡಿ ಜೇಬಿಗಿಟ್ಟ. ಎವ್ಯತಾರ್ ಮಗುವಿನಂತೆ ಅಳತೊಡಗಿದ. ಅವಳ ಕೈಯನ್ನು ಮಾತ್ರ ಬಿಡಲಿಲ್ಲ.