ಮರೆಯಲೊಲ್ಲದ ಕಪಾಟು

"ನಿಲ್ಲಿ! ಆ ಪುಸ್ತಕ ಅಲ್ಲಿ ತುರುಕಬೇಡಿ!"

ಅವಳ ಕೂಗಿಗೆ ಹೊಸ ಉಪನ್ಯಾಸಕ ಬೆಚ್ಚಿಬಿದ್ದ. ಗಣಿತ ವಿಭಾಗದ ಆ ಕಪಾಟು ಸಂಶೋಧಕಿಯಾದ ಅವಳ ಪ್ರಯೋಗ. ಯಾರೇ ಪುಸ್ತಕ ತೆಗೆದರೂ ಮರಳಿ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಇಡಬೇಕು, ಪಕ್ಕದ ಎಣಿಕೆಯ ಗುಂಡಿ ಒತ್ತಬೇಕು.

"ಓದೋಕೆ ಬಂದಿದ್ದೀರೋ, ನನ್ನ ಕೆಲಸ ಹಾಳು ಮಾಡೋಕೋ?"

"ಕ್ಷಮಿಸಿ ಮೇಡಂ..." ಎಂದವನು ತಲೆ ತಗ್ಗಿಸಿ ಹೋದ. ಆಮೇಲೆ ಅವಳೊಡನೆ ಮಾತೇ ಆಡಲಿಲ್ಲ. ಜಂಭದ ಕೋಳಿ! ಎಂದುಕೊಂಡಳು. ಆದರೂ ಅವನ ಹೆಜ್ಜೆ ಸಪ್ಪಳಕ್ಕೆ ಅವಳ ಪೆನ್ನು ನಿಲ್ಲುತ್ತಿದ್ದುದು ಸುಳ್ಳಲ್ಲ.

ಪುಸ್ತಕಗಳು ಹೀಗೆ ಹಿಂದುಮುಂದಾಗುತ್ತಾ, ಕಪಾಟು ತನ್ನ ಮೊದಲಿನ ಜೋಡಣೆಯನ್ನು ಎಷ್ಟು ಬೇಗ ಮರೆಯುತ್ತದೆ? ಆ ವೇಗವನ್ನು ಹೇಳುವ ಸಂಖ್ಯೆಯೇ ಸ್ಪೆಕ್ಟ್ರಲ್ ಗ್ಯಾಪ್. ಅದು ದೊಡ್ಡದಾದಷ್ಟೂ ಮರೆವು ಬೇಗ. ಬೇಗ ಮರೆಯುತ್ತದೆ ಎಂದು ಅವಳು ಕಾಗದದ ಮೇಲೆ ಸಾಧಿಸಿದ್ದಳು. ಆದರೆ ಹಾಳು ಕಪಾಟು ಮರೆಯಲೊಲ್ಲದು! ಗುಂಡಿಯ ಎಣಿಕೆ ಏರುತ್ತಲೇ ಇತ್ತು, ಜೋಡಣೆ ಮಾತ್ರ ಅಷ್ಟಾಗಿ ಬದಲಾಗುತ್ತಿರಲಿಲ್ಲ.

ವರ್ಷವಿಡೀ ಕಣ್ಣು ಉರಿಸಿಕೊಂಡದ್ದು ನೀರಲ್ಲಿ ಹೋಮ ಮಾಡಿದಂತಾಯಿತು. ಅವಳಿಗೆ ಅಳುವುದಕ್ಕೂ ಬೇಸರ. ಒಂದು ಮಧ್ಯಾಹ್ನ ಮೇಜು ಖಾಲಿ ಮಾಡತೊಡಗಿದಾಗ ಅವನು ಬಾಗಿಲಲ್ಲಿ ನಿಂತ.

"ಹೊರಟ್ರಾ?"

"ಹ್ಞೂಂ. ಸಂಶೋಧನೆ ಬಿಡ್ತಿದ್ದೀನಿ. ನನ್ನ ಲೆಕ್ಕಾನೇ ತಪ್ಪು. ಒಬ್ಬರು ತೆಗೆಯೋ ಪುಸ್ತಕಕ್ಕೂ ಹಿಂದಿನವರು ತೆಗೆದಿದ್ದಕ್ಕೂ ಸಂಬಂಧ ಇರಲ್ಲ ಅಂತ ನಂಬಿ ಕೂತಿದ್ದೆ..."

ಅವನ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಸಂಬಂಧ ಇತ್ತು! ನೀವು ಇಟ್ಟುಹೋದ ತಕ್ಷಣ ಆ ಪುಸ್ತಕಾನೇ ನಾನು ದಿನಾ ಹತ್ತಾರು ಸಲ ತೆಗೀತಿದ್ದೆ. ಮತ್ತೆ ಅಲ್ಲೇ ಇಡ್ತಿದ್ದೆ. ಗುಂಡಿ ಮಾತ್ರ ಒಂದ್ಸಲಾನೂ ತಪ್ಪದೆ ಒತ್ತಿದ್ದೀನಿ!"

ಎಲ್ಲಕ್ಕಿಂತ ಮುಂದಿದ್ದುದನ್ನೇ ತೆಗೆದು ಮತ್ತೆ ಮುಂದೆಯೇ ಇಟ್ಟರೆ ಕಪಾಟು ಬದಲಾಗುವುದಾದರೂ ಹೇಗೆ? ಅವಳು ಧೊಪ್ಪನೆ ಕುಳಿತಳು. ಲೆಕ್ಕ ಸರಿಯಾಗಿಯೇ ಇದೆ... ಕೆಟ್ಟದ್ದು ಎಣಿಕೆ!

"ಯಾಕ್ರೀ ಹಾಗೆ ಮಾಡಿದ್ರಿ?"

"ನಿಮ್ಮ ಹತ್ರ ಮಾತಾಡೋಕೆ ಭಯ. ನೀವು ಓದಿದ್ದನ್ನ ಓದಿದ್ರೆ... ನಿಮ್ಮ ಪಕ್ಕದಲ್ಲಿ ಕೂತ ಹಾಗೆ ಆಗ್ತಿತ್ತು. ನೀವಂದ್ರೆ ನಂಗೆ ತುಂಬಾ ಇಷ್ಟ. ಎಷ್ಟು ಬೇಕಾದ್ರೂ ಬೈಯಿರಿ, ಬಿಟ್ಟು ಮಾತ್ರ ಹೋಗ್ಬೇಡಿ."

ಬೈಯಲು ಬಾಯಿ ತೆರೆದಳು. ಬಂದದ್ದು ಅಳು, ಅದರ ಬೆನ್ನಿಗೇ ನಗು. ತಾನೂ ಇವನನ್ನೇ ಬಯಸುತ್ತಿದ್ದೆ ಎಂದು ಒಪ್ಪಿಕೊಳ್ಳದೆ ಹಟ ಹಿಡಿಯುವ ಶಕ್ತಿಯೂ ಆ ಆಯಾಸದಲ್ಲಿ ಉಳಿದಿರಲಿಲ್ಲ.

"ಎಲ್ಲಾ ಮೊದಲಿಂದ ಎಣಿಸ್ಬೇಕು," ಎಂದಳು. "ಈ ಸಲ ನೀವು ಆ ಕಪಾಟಿನ ಹತ್ರಾನೂ ಸುಳೀಬಾರದು."

"ಸರಿ. ಮತ್ತೆ ನಾನೆಲ್ಲಿ ಇರ್ಲಿ?"

ಅವಳು ಪಕ್ಕದ ಕುರ್ಚಿಯ ಮೇಲಿದ್ದ ಕಾಗದಗಳನ್ನೆಲ್ಲ ಎತ್ತಿ ಕೆಳಗಿಟ್ಟಳು.

"ಇಲ್ಲಿ. ನಂಗೂ ನೀವು ಇಷ್ಟ. ಆದ್ರೆ ಇವತ್ತು ತುಂಬಾ ಸುಸ್ತಾಗಿದೆ ಕಣ್ರೀ... ಸುಮ್ನೆ ಕೂತಿರಿ."

"ಎಷ್ಟು ಹೊತ್ತು?"

"ಲೆಕ್ಕ ಕೇಳ್ಬೇಡಿ..."