ಮಾತಿಲ್ಲದ ಪುಸ್ತಕ, ಮಾತು ಬಾರದ ಆಸಿಮ್

"ಈ ಪುಸ್ತಕದಲ್ಲಿ ಒಂದು ಅಕ್ಷರಾನೂ ಇಲ್ಲ ಟೀಚರ್. ನಮ್ ಮಗೂಗೆ ಇದನ್ನ ಯಾಕೆ ಕೊಟ್ಟಿದ್ದೀರಿ?"

ಶಿಡ್ಲಘಟ್ಟದ ಪುಟ್ಟ ನರ್ಸರಿ ಶಾಲೆಯ ಬಾಗಿಲಲ್ಲಿ ನಿಂತವನ ಕೈಗೆಲ್ಲ ಬಣ್ಣ ಮೆತ್ತಿತ್ತು, ಮುಖ ಗಂಟಿಕ್ಕಿತ್ತು. ಅಂಗಡಿಗಳಿಗೆ ಬೋರ್ಡು ಬರೆಯುವ ಆಸಿಮ್. ತೀರಿಹೋದ ಅಕ್ಕನ ಮಗಳು ಅಜೀಜಾಳನ್ನು ಅಲೀಪುರದಿಂದ ಕರೆತಂದು ಸಾಕುತ್ತಿದ್ದ.

ಮುಸರ್ರತ್ ಟೀಚರಿಗೆ ಕೋಪ ನೆತ್ತಿಗೇರಿತು. ಆದರೆ ಮಕ್ಕಳೆಲ್ಲ ಪಿಳಿಪಿಳಿ ನೋಡುತ್ತಿದ್ದವು.

"ಒಳಗ್ ಬಂದು ಚಾಪೆ ಮೇಲೆ ಕೂತ್ಕೊಳ್ಳಿ. ಪಾಠ ಮುಗೀಲಿ, ಆಮೇಲೆ ಜಗಳ ಆಡಣ."

ಆಸಿಮ್ ವಿಧಿಯಿಲ್ಲದೆ ಕೂತ. ಅವಳು ಅದೇ ಪುಸ್ತಕ ತೆರೆದಳು. ಚಿತ್ರದಲ್ಲಿ ಒಬ್ಬ ಹುಡುಗ ಚಪ್ಪಲಿ ಕಿತ್ತು ಎಸೆಯುತ್ತಿದ್ದ.

"ಇವನಿಗೆ ಏನನ್ನಿಸ್ತಿದೆ?"

"ಸಿಟ್ಟು" ಎಂದಿತು ಒಂದು ಮಗು. "ಕೋಪಂ" ಎಂದಿತು ತೆಲುಗಿನ ಮನೆಯದು. ಅವಳು ಯಾವುದನ್ನೂ ತಿದ್ದಲಿಲ್ಲ. ಅಕ್ಷರವೇ ಇಲ್ಲದ ಪುಸ್ತಕದಲ್ಲಿ ತಪ್ಪು ಓದುವ ಮಾತೆಲ್ಲಿ ಎಂಬುದು ಅವಳ ನಂಬಿಕೆ.

ಆಗ, ಬಂದಾಗಿನಿಂದ ತುಟಿ ಬಿಚ್ಚದಿದ್ದ ಅಜೀಜಾ ಚಿತ್ರದ ಮೇಲೆ ಬೆರಳಿಟ್ಟು ಉರ್ದುವಿನಲ್ಲಿ ಮೆಲ್ಲಗೆ ಹೇಳಿದಳು. "ಸಿಟ್ಟಲ್ಲ... ಅವನ ಅಮ್ಮ ಕಾಣ್ತಿಲ್ಲ. ಅದಕ್ಕೇ ಭಯ."

ಮುಸರ್ರತ್ ಅವಸರ ಮಾಡಲಿಲ್ಲ. ಸಮಾಧಾನದ ದೊಡ್ಡ ಮಾತೂ ಆಡಲಿಲ್ಲ. ಮಗುವನ್ನು ಹತ್ತಿರಕ್ಕೆಳೆದುಕೊಂಡು, "ನಂಗೂ ಒಂದೊಂದ್ಸಲ ಹಂಗೇ ಆಗುತ್ತಮ್ಮ" ಎಂದಳು. ಅಷ್ಟಕ್ಕೇ ಅಜೀಜಾ ಬಿಕ್ಕಿಬಿಕ್ಕಿ ಅತ್ತಳು. ತಾಯಿ ಹೋದ ಮೇಲೆ ಅದೇ ಅವಳ ಮೊದಲ ಅಳು.

ಪಾಠ ಮುಗಿದಾಗ ಆಸಿಮ್‌ನ ಕಣ್ಣೂ ಕೆಂಪಾಗಿತ್ತು. "ಜಗಳ ಬೇಡ ಟೀಚರ್. ಗೋಡೆಗೆ ಚಿತ್ರ ಏನಾದ್ರೂ ಬೇಕಾದ್ರೆ ಹೇಳಿ, ಬರ್ಕೊಡ್ತೀನಿ."

ಬರೆದ, ಎಂಥಾ ಚಿತ್ರ ಅಂತೀರಿ! ಅವನು ಬರೆದ ಮುಖದ ಒಂದು ಹುಬ್ಬು ಕೊಂಚ ಓರೆಯಾದರೆ ಸಾಕು, ಗೋಡೆಯೇ ಮುನಿಸಿಕೊಂಡಂತಿರುತ್ತಿತ್ತು. ಅವನು ಬರುತ್ತಿದ್ದ ಶನಿವಾರಗಳು ಬಂದವು, ಹೋದವು. ಅವನು ಬರೆಯುತ್ತ ಅವಳ ಪಾಠ ಕೇಳುವನು; ಅವಳು ಪಾಠ ಮರೆತು ಅವನ ಕೈ ನೋಡುವಳು. ಇಬ್ಬರ ಮನಸ್ಸಲ್ಲೂ ಇದ್ದದ್ದು ಇಬ್ಬರ ಬಾಯಿಗೂ ಬರಲಿಲ್ಲ.

ಅಷ್ಟರಲ್ಲಿ ಅವಳ ತಂದೆ ಜಿಯಾವುಲ್ಲಾ ಚಿಂತಾಮಣಿಯ ಸಂಬಂಧವೊಂದನ್ನು ತಂದರು. ಹುಡುಗ ವಾಸಿಫ್, ಸ್ವಂತ ಬಟ್ಟೆ ಅಂಗಡಿ.

ಮರುದಿನ ಮುಸರ್ರತ್ ಧೈರ್ಯ ಮಾಡಿ ಆಸಿಮ್‌ಗೆ ಹೇಳಿದಳು. "ಚಿಂತಾಮಣಿಯಿಂದ ಕೇಳ್ಕೊಂಡ್ ಬಂದಿದಾರೆ. ಅಬ್ಬಾ ನನ್ ಉತ್ತರಕ್ಕೆ ಕಾಯ್ತಿದಾರೆ."

'ಬೇಡ ಅನ್ನಪ್ಪ... ಒಂದೇ ಮಾತು ಸಾಕು' ಎಂದು ಅವಳ ಜೀವ ಮೊರೆಯಿಡುತ್ತಿತ್ತು. ಆಸಿಮ್ ಪೆಚ್ಚಾಗಿ ಕುಂಚ ತೊಳೆದುಕೊಂಡು ಹೊರಟುಹೋದ.

ಮತ್ತೆ ಬಂದಾಗ, ತಾನೇ ಚಿತ್ರ ಬರೆದು ದಾರದಲ್ಲಿ ಹೊಲಿದ ಪುಸ್ತಕವೊಂದನ್ನು ಅವಳ ಮೇಜಿನ ಮೇಲಿಟ್ಟ. ರಟ್ಟಿನ ಮೇಲೆ ಹೆಸರಿಲ್ಲ, ಚಿತ್ರವಿಲ್ಲ.

"ಓದಿ ಟೀಚರ್" ಎಂದವನು ನಿಲ್ಲಲೇ ಇಲ್ಲ.

ಅವಳು ತೆರೆದಳು. ಮೊದಲ ಪುಟದಲ್ಲಿ ಒಬ್ಬ ಗಂಡು, ಒಬ್ಬಳು ಹೆಣ್ಣು, ನಡುವೆ ಪುಟ್ಟ ಹುಡುಗಿ, ಕೈಕೈ ಹಿಡಿದು ನಡೆಯುತ್ತಿದ್ದರು. ಅವಳ ಎದೆ ಅರಳಿತು. ಪುಟ ತಿರುಗಿದಂತೆ ಅವರು ಬೇರೆಬೇರೆ ಕೂತರು. ಆಮೇಲೆ ಬಾಗಿಲಲ್ಲಿ ಜಗಳ. ಕೊನೆಯಲ್ಲಿ ಆ ಗಂಡು ಒಬ್ಬನೇ, ಬೆನ್ನು ಮಾಡಿ ನಿಂತು ಬೋರ್ಡು ಬರೆಯುತ್ತಿದ್ದ.

'ಜೊತೆಗಿದ್ದವರು ದೂರಾದರು... ಇದೇನಾ ನಿಮ್ಮ ಉತ್ತರ?'

ಆ ಸಂಜೆ ಅವಳು ತಂದೆಗೆ, "ನಿಮ್ಮಿಷ್ಟ ಅಬ್ಬಾ" ಎಂದುಬಿಟ್ಟಳು. ಭಾನುವಾರ ಮಾತು ಮುಗಿಸಲು ಬರುವುದಾಗಿ ಚಿಂತಾಮಣಿಯವರು ತಿಳಿಸಿದರು.

ಮಾರನೆಯ ದಿನ ಪುಸ್ತಕ ಹಿಡಿದು ಅವಳು ಆಸಿಮ್‌ನ ಅಂಗಡಿಗೇ ಹೋದಳು.

"ತಗೊಳ್ಳಿ. ಓದಿದೆ."

"ಏನನ್ನಿಸ್ತು?" ಅವನು ಕುಂಚ ಕೆಳಗಿಟ್ಟ.

"ಹೋಗು ಅನ್ನೋದಕ್ಕೆ ಇಷ್ಟೊಂದು ಬಣ್ಣ ಯಾಕೆ ಹಾಳು ಮಾಡಿದ್ರಿ? ಬಾಯಲ್ಲೇ ಹೇಳಿದ್ರೆ ಆಗ್ತಿತ್ತು."

"ಹೋಗು ಅಂತ ಎಲ್ಲಿ ಬರ್ದಿದೀನಿ?"

ಕಂಗಾಲಾದ ಆಸಿಮ್ ಪುಸ್ತಕ ತೆಗೆದುಕೊಂಡು, ಅವಳು ಹಿಂಬದಿ ಎಂದುಕೊಂಡಿದ್ದ ರಟ್ಟು ತೆರೆದ. "ನೋಡಿ, ಇಲ್ಲಿಂದ ಶುರು. ಒಬ್ಬನೇ ಇದ್ದೆ. ಆಮೇಲೆ ನಿಮ್ ಹತ್ರ ಜಗಳಕ್ಕೆ ಬಂದೆ..."

ಮುಸರ್ರತ್‌ಗೆ ಆಗ ಹೊಳೆಯಿತು. ಅವನು ಓದಿದ್ದೆಲ್ಲ ಉರ್ದು ಶಾಲೆಯಲ್ಲಿ. ಅವನ ಕೈಗೆ ಪುಸ್ತಕವೆಂದರೆ ಬಲದಿಂದ ಎಡಕ್ಕೆ. ಅವಳು ಕಲಿತದ್ದೂ ಕಲಿಸುವುದೂ ಕನ್ನಡ ಶಾಲೆಯಲ್ಲಿ. ಒಂದೇ ಒಂದು ಅಕ್ಷರವಿದ್ದಿದ್ದರೂ ತಿಳಿಯುತ್ತಿತ್ತು. ಪಾಪದ ಟೀಚರು, ಕತೆಯ ಆರಂಭವನ್ನೇ ಅಂತ್ಯವೆಂದುಕೊಂಡು ರಾತ್ರಿಯೆಲ್ಲ ಅತ್ತಿದ್ದಳು!

"ಹಂಗಾದ್ರೆ ಕೊನೇ ಪುಟ...?"

"ನೀವು, ನಾನು, ಅಜೀಜಾ."

"ನಾನು ಅಬ್ಬಾಗೆ ಹೂಂ ಅಂದ್ಬಿಟ್ಟಿದೀನಿ."

ಅವನ ಮುಖದ ಬಣ್ಣವೇ ಇಳಿದುಹೋಯಿತು. ಆ ಮುಖ ನೋಡುತ್ತ ಅವಳಿಗೆ ನಾಚಿಕೆಯಾಯಿತು. 'ಮಕ್ಕಳಿಗೆ ಮನಸ್ಸಲ್ಲಿರೋದನ್ನ ಹೇಳಿ ಅಂತೀನಿ. ನಾನೇ ಹೇಳಲಿಲ್ಲವಲ್ಲ...'

ಅಲ್ಲೇ ನಿಂತು ಫೋನ್ ಮಾಡಿದಳು.

"ಅಬ್ಬಾ, ಚಿಂತಾಮಣಿಯವರಿಗೆ ಬರೋದು ಬೇಡ ಅಂತ ಹೇಳ್ಬಿಡಿ. ಹುಡುಗ ಒಳ್ಳೆಯವನೇ... ಆದ್ರೆ ನಂಗೆ ಆಸಿಮ್ ಇಷ್ಟ."

ಆ ಕಡೆಯಿಂದ ಜಿಯಾವುಲ್ಲಾ ಕೇಳಿದರು.

"ಬೋರ್ಡ್ ಬರೆಯೋ ಆಸಿಮಾ?"

"ಹೂಂ."

"ಇದನ್ನ ಮೊದ್ಲೇ ಹೇಳಬಾರದಿತ್ತೇನಮ್ಮ? ಸಂಜೆ ಮನೆಗೆ ಬರಕ್ಕೆ ಹೇಳು."

ಅವಳು ಕಣ್ಣೊರೆಸಿಕೊಂಡು ತಿರುಗಿದಳು. ಆಸಿಮ್ ಬೆವೆತುಹೋಗಿದ್ದ.

"ನಿಮ್ ಅಬ್ಬಾ ಮುಂದೆ ನಾನ್ ಏನ್ ಮಾತಾಡ್ಲಿ? ನಂಗೆ ಮಾತೇ ಬರಲ್ಲ."

"ಮೊದ್ಲು ನನ್ ಮುಂದೆ ಆಡಿ ನೋಡಿ."

ಅವನು ನೆಲ ನೋಡಿದ, ತನ್ನ ಕೈ ನೋಡಿದ, ಕೊನೆಗೆ ಅವಳನ್ನೇ ನೋಡಿದ. ಅಂದು ಮೊದಲ ಬಾರಿಗೆ ಅವಳನ್ನು ಟೀಚರ್ ಎನ್ನಲಿಲ್ಲ.

"ನಂಗೆ ನೀವು ಬೇಕು, ಮುಸರ್ರತ್."

"ಇಷ್ಟೇ ಸಾಕು" ಎಂದಳು ಅವಳು. "ಸಂಜೆಗೂ ಇದನ್ನೇ ಹೇಳಿ."