ತಡವರಿಸಬಾರದ ಉತ್ತರ

ಬಾಗಿಲು ತಟ್ಟಿದವಳ ಕಡೆ ತಿರುಗಿಯೂ ನೋಡದೆ ಅವನು ಹೇಳಿದ, "ಅಳತೆ ತಗೊಂಡು ಹೋಗಿ. ಮೊದಲು ಬಾಗಿಲು ಹಾಕಿ. ಗಾಳಿಗೆ ಇವು ಒಣಗ್ತವೆ."

ಇವು ಎಂದರೆ ಪಾಚಿ. ನೆಲಮಾಳಿಗೆಯ ಉದ್ದನೆಯ ಆ ಕೋಣೆಯ ತುಂಬ, ಚಪ್ಪಟೆ ತಟ್ಟೆಗಳಲ್ಲಿ, ಗಾಜಿನ ಮುಚ್ಚಳಗಳ ಕೆಳಗೆ ಹಸಿರು ಉಸಿರು ಹಿಡಿದು ಮಲಗಿತ್ತು. ಗೋಡೆಯ ಮೇಲ್ತುದಿಯಲ್ಲಿ ಒಂದು ಸಣ್ಣ ಕಿಟಕಿ. ಅದರಲ್ಲಿ ರಸ್ತೆಯ ಜನರ ಪಾದಗಳು ಮಾತ್ರ ಕಾಣುತ್ತಿದ್ದವು, ಮುಖವಿಲ್ಲದ ಅವಸರದ ಪಾದಗಳು.

"ಯಾವ ಅಳತೆ ಸರ್?"

"ಕೋಣೇದು. ಎಸ್ಟೇಟ್ ಆಫೀಸಿನವರಲ್ವಾ ನೀವು?"

"ಅಲ್ಲ. ಸಂಶೋಧನಾ ವಿಭಾಗದವಳು. ಕಿತ್ಕೊಳ್ಳೋಕೆ ಬಂದಿಲ್ಲ, ಕೊಡಿಸೋಕೆ ಬಂದಿದೀನಿ."

ಆಗ ಅವನು ತಲೆಯೆತ್ತಿದ. ನಿದ್ದೆಗೆಟ್ಟ ಕಣ್ಣು, ಗದ್ದದ ಮೇಲೆ ಒಂದು ಮಣ್ಣಿನ ಗೆರೆ. "ಓ, ಗ್ರಾಂಟಕ್ಕ!" ಎಂದ. ಎಂದವನು ನಾಲಿಗೆ ಕಚ್ಚಿಕೊಂಡ; ಅದು ಬೆನ್ನ ಹಿಂದೆ ಕರೆಯುವ ಹೆಸರು.

"ಪರವಾಗಿಲ್ಲ, ಪಾಚಿ ಮೇಷ್ಟ್ರೇ. ನನ್ನ ಕಂಡ ಕೂಡ್ಲೇ ಎಲ್ಲರೂ ಬಾಗಿಲು ಹಾಕ್ಕೋತಾರೆ. ನನ್ನನ್ನ ಒಳಗಿಟ್ಟು ಬಾಗಿಲು ಹಾಕಿಸಿದೋರು ನೀವೇ ಮೊದಲು."

ಅವನು ನಕ್ಕ. ಬಹಳ ದಿನ ಮುಚ್ಚಿಟ್ಟ ಡ್ರಾಯರ್ ತೆರೆದ ಹಾಗಿತ್ತು ಆ ನಗು, ಅಲ್ಲಲ್ಲಿ ಸಿಕ್ಕಿಕೊಂಡು.

ಅಧ್ಯಾಪಕರನ್ನು ಪುಸಲಾಯಿಸಿ ಹೊರಗಿನ ಸಂಸ್ಥೆಗಳಿಂದ ಸಂಶೋಧನಾ ಅನುದಾನಕ್ಕೆ, ಅಂದರೆ ಗ್ರಾಂಟಿಗೆ, ಅರ್ಜಿ ಹಾಕಿಸುವುದು ಅವಳ ಕೆಲಸ. ಒಬ್ಬೊಬ್ಬರದು ಒಂದೊಂದು ನೆಪ. ಪಾಠದ ಹೊರೆ, ಹೋದ ಸಲದ ತಿರಸ್ಕಾರ, ಸೊಂಟನೋವು. ಇವನ ನೆಪ ಮಾತ್ರ ಹೊಸದು.

"ನನಗೆ ಕೈಯೊಡ್ಡೋದು ಬರಲ್ಲ ಮೇಡಂ. ಪಕ್ಕದ ಮನೆಗೆ ಸಕ್ಕರೆ ಕೇಳೋಕೂ ನಮ್ಮಪ್ಪ ಬಿಡ್ತಿರಲಿಲ್ಲ. ಸಕ್ಕರೆ ಇಲ್ದಿದ್ರೆ ಆವತ್ತು ಕಾಫಿ ಕಹಿ."

"ಅಳದಿದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಸರ್."

"ಅಳೋ ವಯಸ್ಸು ದಾಟಿದೆ."

"ಹಾಗಾದ್ರೆ ಕೇಳಿ. ಇದು ಬೇಡೋದಲ್ಲ. ನಿಮ್ಮನ್ನ ಕಾಡ್ತಿರೋ ಪ್ರಶ್ನೆ ಇನ್ನೊಬ್ಬರನ್ನೂ ಕಾಡೋ ಹಾಗೆ ಮಾಡೋದು, ಅಷ್ಟೇ."

ಅವನು ತಟ್ಟೆಯೊಂದರಿಂದ ಕಂದು ಬಣ್ಣದ ಒಣ ಚೂರನ್ನು ಎತ್ತಿ ಅವಳ ಅಂಗೈ ಮೇಲಿಟ್ಟ. ಸತ್ತ ಹಾಗಿತ್ತು ಅದು. ಮೇಲೆ ಒಂದು ಹನಿ ನೀರು ಬಿಟ್ಟ. ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು, ಅವಳ ಕೈಯಲ್ಲೇ ಹಸಿರಾದವು.

"ಇದಕ್ಕೆ ಬೇರಿಲ್ಲ. ಗಾಳಿಯಿಂದಲೇ ಕುಡಿಯುತ್ತೆ. ಗಾಳೀಲಿ ಇರೋ ವಿಷಾನೂ ಕುಡಿದು ಇಟ್ಕೊಳ್ಳುತ್ತೆ. ಈ ಊರು ಏನು ಉಸಿರಾಡ್ತು ಅಂತ ಇದನ್ನ ಕೇಳಿದ್ರೆ ಹೇಳುತ್ತೆ."

"ನೋಡಿ," ಎಂದಳು ಅವಳು. ಅಂಗೈ ಯಾಕೋ ಬೆಚ್ಚಗಿತ್ತು. "ಕೇಳಿಬಿಟ್ರಿ. ಇಷ್ಟೇ ಅರ್ಜಿ."

*

ಹೊರಗಿನ ಅನುದಾನ ತಾರದ ಪ್ರಯೋಗಾಲಯಗಳನ್ನು ವರ್ಷಾಂತ್ಯಕ್ಕೆ ವಿಶ್ವವಿದ್ಯಾಲಯ ಹಿಂದಕ್ಕೆ ಪಡೆಯುತ್ತದೆ ಎಂದು ಆಗಲೇ ಸುತ್ತೋಲೆ ಬಂದಿತ್ತು. ಈ ಕೋಣೆ ಹಳೆಯ ಉತ್ತರಪತ್ರಿಕೆಗಳ ಗೋದಾಮಾಗಲಿತ್ತು. ಅವನ ಕೆಲಸಕ್ಕೆ ಹೊಂದುವ ಅನುದಾನ ಒಂದೇ ಇತ್ತು. ಹಣ ಸಾಕಷ್ಟು, ಕೋಣೆಯೂ ಉಳಿಯುತ್ತದೆ. ಆದರೆ ಅವನು ಮೂರು ವರ್ಷ ದೂರದ ಹಿಮದ ನೆಲದ ಕೇಂದ್ರವೊಂದರಲ್ಲೇ ಇರಬೇಕು. ಅಲ್ಲಿ ಪಾಚಿ ಪದರ ಪದರವಾಗಿ ಹೆಪ್ಪುಗಟ್ಟಿ ಕೂತಿದೆ.

ಆ ಷರತ್ತನ್ನು ಅವಳೇ ಓದಿ ಹೇಳಿದ್ದಳು.

"ನನಗೇನು, ಹೆಂಡತಿಯಾ ಮಕ್ಕಳಾ," ಎಂದಿದ್ದ ಅವನು.

"ಹೌದಲ್ವಾ," ಎಂದಿದ್ದಳು ಅವಳು, ಕಾಗದ ನೋಡುತ್ತಾ.

ಆಮೇಲೆ ದಿನವೂ ಮಧ್ಯಾಹ್ನ ಬರೆಯಲು ಕೂತರು. ಹೊರಗೆ ಮಂಜು, ಬೂದಿ ಬಣ್ಣದ ಬೆಳಕು. ಅವನು ಬರೆದದ್ದನ್ನು ಅವಳು ಹೊಡೆದುಹಾಕುತ್ತಿದ್ದಳು.

"ಈ ವಾಕ್ಯ ಯಾವಾಗ ಮುಗಿಯುತ್ತೆ ಸರ್? ನಾನು ಮನೆಗೆ ಹೋಗ್ಬೇಕು."

"ಪಾಚಿ ನಿಧಾನ ಬೆಳೆಯುತ್ತೆ."

"ಪರೀಕ್ಷಕರು ನಿಧಾನ ಓದಲ್ಲ."

"ಕಟುಕರು ನೀವು, ಗ್ರಾಂಟಕ್ಕ."

"ಎಲ್ಲರೂ ಅಕ್ಕ ಅಂತಾರೆ. ನೀವು ಅನ್ನಬೇಡಿ."

"ಯಾಕೆ?"

ಅವಳು ಪೆನ್ನಿನ ಕ್ಯಾಪ್ ಹಾಕಿದಳು, ತೆಗೆದಳು. "ನೀವು ನನಗಿಂತ ದೊಡ್ಡವರು."

"ಅಷ್ಟೇನಾ?"

"ಅಷ್ಟೇ. ಮುಂದಿನ ಪುಟ."

ಅವನು ಮುಂದಿನ ಪುಟ ತಿರುವಿದ, ಆದರೆ ಕಣ್ಣು ಪುಟಕ್ಕೆ ಬರಲು ಸ್ವಲ್ಪ ತಡವಾಯಿತು. ಆ ತಡ ಅವಳ ಕೆನ್ನೆಗೆ ಗೊತ್ತಾಯಿತು.

ಮನೆಯಲ್ಲಿ ಅವಳ ಸ್ವಂತ ಅಕ್ಕ ಹೊಲಿಗೆ ಯಂತ್ರದ ಮುಂದಿಂದಲೇ ಎಲ್ಲವನ್ನೂ ಓದಿಬಿಡುತ್ತಿದ್ದಳು. "ಊರಿಗೆಲ್ಲಾ ಕೇಳೋದು ಹೇಗೆ ಅಂತ ಪಾಠ ಹೇಳ್ತೀಯ. ನಿನಗೆ ಬೇಕಾದ್ದು ಕೇಳೋಕೆ ಬಾಯಿಗೆ ಹೊಲಿಗೆ ಹಾಕಿದ್ಯಾರು? ನಾನಂತೂ ಅಲ್ಲ."

"ಸುಮ್ನಿರೇ."

"ಸುಮ್ನಿರೋದು ನಿನ್ನ ಕೆಲಸ. ಅದನ್ನ ಚೆನ್ನಾಗೇ ಮಾಡ್ತಿದೀಯ."

*

ಸಂದರ್ಶನಕ್ಕೆ ಮೊದಲು ಅಭ್ಯಾಸ ಮಾಡಿಸುವುದು ಅವಳ ಕಚೇರಿಯ ಪದ್ಧತಿ. ಅರ್ಜಿದಾರನ ಎದುರು ಕುರ್ಚಿ ತಿರುಗಿಸಿ ಕೂತು, ಕನ್ನಡಕ ಏರಿಸಿ, ಅವಳು 'ಮೂರನೇ ಪರೀಕ್ಷಕ'ನಾಗುತ್ತಿದ್ದಳು. ಯಾವುದಕ್ಕೂ ಮೆಚ್ಚದ, ಊಟ ಸೇರದ, ಜಗತ್ತಿನ ಎಲ್ಲ ಸಮಿತಿಗಳಲ್ಲೂ ಒಬ್ಬನಿರುವ ಆ ಮನುಷ್ಯ.

"ಮೂರನೇ ಪರೀಕ್ಷಕರು ಕಾಫಿ ಕುಡೀತಾರಾ?"

"ಲಂಚಕ್ಕೆ ಅಂಕ ಕಳೀತಾರೆ. ಶುರು ಮಾಡಿ."

ಅವನು ಚೆನ್ನಾಗಿಯೇ ಉತ್ತರಿಸಿದ. ಯಾಕೆ ಈ ಕೆಲಸ, ಯಾಕೆ ಈಗ, ಯಾಕೆ ನೀವೇ, ಎಲ್ಲದಕ್ಕೂ. ಕೊನೆಯ ಪ್ರಶ್ನೆ ಪ್ರತಿ ವರ್ಷ ಬರುವಂಥದ್ದು. ಹಿಂದೆ ಕೆಲವರು ಮನೆಯ ನೆನಪಾಗಿ ಅರ್ಧಕ್ಕೇ ಬಿಟ್ಟು ಬಂದಿದ್ದರಿಂದ ಸಮಿತಿ ಅದನ್ನು ತಪ್ಪದೆ ಕೇಳುತ್ತಿತ್ತು.

"ನಿಮ್ಮನ್ನು ಇಲ್ಲಿ ಹಿಡಿದಿಡುವಂಥದ್ದು ಏನಾದರೂ ಇದೆಯೇ?"

ಅವನು ಬಾಯಿ ತೆರೆದ. ಮುಚ್ಚಿದ. ಮೇಲಿನ ಕಿಟಕಿಯಲ್ಲಿ ಯಾರದೋ ಪಾದ ಒಂದು ಕ್ಷಣ ನಿಂತು ಮುಂದೆ ಹೋಯಿತು. ಅವನು ಅವಳನ್ನೇ ನೋಡುತ್ತಿದ್ದ.

"ಏ… ಅಂದ್ರೆ… ಹೇಗೆ ಹೇಳೋದು…"

"ತಡವರಿಸಬೇಡಿ ಸರ್," ಎಂದಳು ಅವಳು. "ಇಲ್ಲೇ ಎಲ್ಲರೂ ಸೋಲೋದು. ಇಷ್ಟು ತಡ ಮಾಡಿದ್ರೆ ಅವರಿಗೆ ಅನುಮಾನ ಬರುತ್ತೆ. 'ಏನೂ ಇಲ್ಲ' ಅನ್ನಿ. ಕಣ್ಣಲ್ಲಿ ಕಣ್ಣಿಟ್ಟು."

"ಏನೂ ಇಲ್ಲ."

"ಧ್ವನಿ ಇಳೀತು. ಮತ್ತೆ."

"ಏನೂ ಇಲ್ಲ."

"ಈಗ ಸುಳ್ಳು ಹೇಳೋರ ಹಾಗಿದೆ. ಮತ್ತೆ."

ಅವನ ಮುಖದಿಂದ ಏನೋ ಹಿಂದೆ ಸರಿಯಿತು. ತಡವರಿಕೆ ಹೋಗುವವರೆಗೂ ಅವಳು ಬಿಡಲಿಲ್ಲ. ತನ್ನ ಕೆಲಸದಲ್ಲಿ ಅವಳು ಅಷ್ಟು ನಿಪುಣೆ.

*

ಸಂದರ್ಶನ ಅವಳ ಕಚೇರಿಯಲ್ಲೇ, ಲ್ಯಾಪ್‌ಟಾಪಿನಲ್ಲಿ ನಡೆಯಿತು. ಸಂಪರ್ಕ ಕಡಿದರೆ ನೋಡಿಕೊಳ್ಳಲೆಂದು ಅವಳು ಕ್ಯಾಮೆರಾಗೆ ಕಾಣದ ಮೂಲೆಯಲ್ಲಿ ಕೂತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಬಟ್ಟಲಿನಲ್ಲಿ ಅವನು ಕೊಟ್ಟ ಪಾಚಿ. ಪರದೆಯ ಮೇಲೆ ಯಾರೋ ಹಿರಿಯರು ಕೆಮ್ಮಿ, ಕೊನೆಯ ಪ್ರಶ್ನೆ ಕೇಳಿದರು.

"ಏನೂ ಇಲ್ಲ," ಎಂದ ಅವನು.

ತಕ್ಷಣ. ಸ್ವಚ್ಛವಾಗಿ. ಒಂದು ಕೂದಲೆಳೆಯಷ್ಟೂ ತಡವರಿಸದೆ.

ಪರದೆಯಲ್ಲಿನ ಮುಖಗಳು ತಲೆದೂಗಿದವು. ಮೂಲೆಯಲ್ಲಿ ಕೂತವಳಿಗೆ ಆಗ, ಆ ಸ್ವಚ್ಛತೆಯಲ್ಲಿ, ತಾನು ಉಜ್ಜಿ ಉಜ್ಜಿ ಅಳಿಸಿದ್ದು ಏನೆಂದು ತಿಳಿಯಿತು. ಆವತ್ತಿನ ಆ ತಡವರಿಕೆ ಅಭ್ಯಾಸದ ಕೊರತೆಯಾಗಿರಲಿಲ್ಲ. ಅದು ಅವನಿಗೆ ಬರುತ್ತಿದ್ದ ಒಂದೇ ರೀತಿಯ ಕೇಳುವಿಕೆ. ಕೈಯೊಡ್ಡಲು ಬಾರದವನು ಒಮ್ಮೆ ಕೈಯೊಡ್ಡಿದ್ದ. ಅವಳು ಉಚ್ಚಾರ ತಿದ್ದಿದ್ದಳು.

"ಹೇಗಾಯ್ತು?" ಎಂದು ಅವನು ಕೇಳಿದ, ಪರದೆ ಕಪ್ಪಾದ ಮೇಲೆ.

"ತುಂಬಾ ಚೆನ್ನಾಗಾಯ್ತು," ಎಂದಳು. ಅವಳ ಧ್ವನಿ ಇಳಿಯಿತು. ಅದನ್ನು ತಿದ್ದಲು ಯಾರೂ ಇರಲಿಲ್ಲ.

ಅನುದಾನ ಬಂತು. ಬಾಗಿಲು ಹಾಕಿಕೊಳ್ಳುತ್ತಿದ್ದ ಅಧ್ಯಾಪಕರೂ ಆ ವಾರ ಅವಳ ಕಚೇರಿಗೆ ಬಂದರು. "ಪಾಚಿ ಮೇಷ್ಟ್ರಿಗೇ ಕೊಡಿಸಿದ್ರಂತೆ, ನಮಗೂ ಏನಾದ್ರೂ ನೋಡಿ." ಅವಳು ಎಲ್ಲರಿಗೂ ಕುರ್ಚಿ ಎಳೆದು ಕೊಟ್ಟಳು. ಹೇಳಿಬಿಡಲೇ ಎಂದು ದಿನವೂ ಎದ್ದು ನೆಲಮಾಳಿಗೆಯ ಮೆಟ್ಟಿಲವರೆಗೆ ಹೋಗಿ ಬರುತ್ತಿದ್ದಳು. ಹೇಳಿದರೆ ಅವನು ಹೋಗಲಾರ. ಹೋಗದಿದ್ದರೆ ಕೋಣೆ ಇಲ್ಲ, ಪಾಚಿ ಇಲ್ಲ. ಗೋದಾಮಿನ ಬಾಗಿಲಲ್ಲಿ ನಿಂತ ಅವನನ್ನು ಕಲ್ಪಿಸಿಕೊಂಡರೆ ಕಾಲು ತಾನಾಗಿ ಹಿಂದೆ ಬರುತ್ತಿತ್ತು.

*

ಹೊರಡುವ ದಿನ ಅವಳು ಕೆಳಗಿಳಿದಳು. ಕಿಟಕಿಯಲ್ಲಿ ಪಾದಗಳ ಜಾಗದಲ್ಲಿ ಕಾರಿನ ಚಕ್ರವೊಂದು ನಿಂತಿತ್ತು.

"ಬಾಗಿಲು ಹಾಕಿ," ಎಂದ ಅವನು. ಇಬ್ಬರೂ ನಗಲು ನೋಡಿದರು, ಆಗಲಿಲ್ಲ.

ನೀರು ಚಿಮುಕಿಸುವ ಬಾಟಲಿಯನ್ನು ಅವಳ ಕೈಗೆ ಕೊಟ್ಟ. "ಹೊಸ ವಿದ್ಯಾರ್ಥಿ ಬರ್ತಾನೆ. ಆದರೂ ಆಗಾಗ ನೀವು ಬಂದು ನೋಡಿ. ಜಾಸ್ತಿ ನೀರು ಬೇಡ. ಮರೆತರೂ ಪರವಾಗಿಲ್ಲ, ಒಣಗಿ ಕಾಯ್ತವೆ."

"ಎಷ್ಟು ದಿನ ಕಾಯ್ತವೆ?"

"ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ."

ಕಾರಿನ ಹಾರ್ನ್ ಕೇಳಿಸಿತು. ಅವನು ಚೀಲ ಎತ್ತಿದ.

"ಸರ್, ಒಂದು ಪ್ರಶ್ನೆ ಉಳಿದಿದೆ."

"ಮೂರನೇ ಪರೀಕ್ಷಕರದ್ದಾ?"

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಅಲ್ಲ. ನನ್ನದು. ನಿಮ್ಮನ್ನ ಇಲ್ಲಿ ಹಿಡಿದಿಡೋ ಅಂಥದ್ದು ಏನಾದ್ರೂ ಇದೆಯಾ?"

ಅವನು ಬಾಯಿ ತೆರೆದ. ಮುಚ್ಚಿದ. ಚೀಲ ಕೈಯಿಂದ ಜಾರಿ ನೆಲ ಮುಟ್ಟಿತು.

"ಏ…" ಎಂದ. "ಅಂದ್ರೆ…"

ಹಾರ್ನ್ ಮತ್ತೆ ಕೇಳಿಸಿತು. ಅವನು ಅವಳನ್ನೇ ನೋಡುತ್ತಿದ್ದ, ಕಣ್ಣಲ್ಲಿ ಕಣ್ಣಿಟ್ಟು, ಅವಳೇ ಕಲಿಸಿದ ಹಾಗೆ.

"ತಡವರಿಸಿ," ಎಂದಳು ಅವಳು, ತೀರಾ ಮೆಲ್ಲಗೆ. "ಎಷ್ಟು ಬೇಕೋ ಅಷ್ಟು. ಈ ಸಲ ನಾನು ತಿದ್ದಲ್ಲ."

ಅವನು ತಡವರಿಸಿದ. ಕೊನೆಗೆ ಅವಳ ಅಂಗೈ ಹಿಡಿದು, ಅಂದು ಪಾಚಿ ಇಟ್ಟಿದ್ದ ಜಾಗದಲ್ಲಿ ತನ್ನ ಹಣೆಯನ್ನೂ ಒದ್ದೆ ಕಣ್ಣನ್ನೂ ಒತ್ತಿ ಒಂದಿಷ್ಟು ಹೊತ್ತು ನಿಂತ. ಆಮೇಲೆ ಚೀಲ ಎತ್ತಿಕೊಂಡ. ಬಾಗಿಲನ್ನು ಹೊರಗಿನಿಂದ ಅವನೇ ಹಾಕಿದ, ಗಾಳಿ ಒಳಗೆ ಬಾರದ ಹಾಗೆ.

ಕಿಟಕಿಯಲ್ಲಿ ಚಕ್ರ ಉರುಳಿತು. ಅದರ ಹಿಂದೆ ಪಾದಗಳು ಬಂದವು. ಅವಳು ಒದ್ದೆ ಅಂಗೈಯನ್ನು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಮೊದಲ ಗಾಜಿನ ಮುಚ್ಚಳವನ್ನು ಎತ್ತಿದಳು.